ಬೀಜದಿಂದ ಕೋನಿಫರ್: ಥೂಜಾ, ಅರಾಕೇರಿಯಾ, ಸೈಪ್ರೆಸ್, ಪೈನ್ – ನಿಮ್ಮ ಜಾಗಕ್ಕೆ ಯಾವುದು?

ಹೂವಿನ ಬದಲು ಹೆಚ್ಚಾಗಿ ಶಂಕುವಿನಂಥ ಕಾಯಿ ಬಿಡುವ, ಪೈನ್ ಜಾತಿಯಂಥ ಮರಗಳಿಗೆ ಕೋನಿಫರ್ ಅನ್ನುತ್ತಾರೆ. ಇವುಗಳ ಬೀಜವನ್ನು ಜನ ಫೋಟೊ ನೋಡಿ ಕೊಳ್ಳುತ್ತಾರೆ. ನೀಲಿ ಸ್ಪ್ರೂಸ್, ಹಿಮ ಹೊತ್ತು ನಿಂತ ದೇವದಾರು, ಪಿಂಗಾಣಿ ತಟ್ಟೆಯಲ್ಲಿ ಬಾಗಿದ ಜಪಾನಿನ ಬೋನ್ಸಾಯ್ ಪೈನ್. ಪೊಟ್ಟಣ ಬರುತ್ತದೆ, ಬೀಜ ಕುಂಡ ಸೇರುತ್ತದೆ, ಎರಡು ತಿಂಗಳು ನೀರು ಹಾಕಿದರೂ ಏನೂ ಮೇಲೆ ಬರುವುದಿಲ್ಲ. ಕೊನೆಗೆ "ನನ್ನ ಕೈಗುಣವೇ ಸರಿಯಿಲ್ಲ" ಅಂತ ಬೇಜಾರು. ಇದರಲ್ಲಿ ಕೈಗುಣದ ಪಾತ್ರ ತೀರಾ ಕಡಿಮೆ. ಯಾವ ಬೀಜ ಕೊಂಡಿರಿ ಅನ್ನುವಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ.

ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ನಿಮ್ಮ ಊರಲ್ಲಿ ಚಳಿ ಎಷ್ಟು? ಬೀಜ ಮರದಿಂದ ಇಳಿದು ಎಷ್ಟು ದಿನವಾಯಿತು? ಆ ಗಿಡಕ್ಕೆ ಬೀಜವೇ ಬೇಕಾ, ಕಡ್ಡಿ ನೆಟ್ಟರೆ ಆಗಲ್ವಾ?

ಉತ್ತರಕ್ಕೆ ಕೊನೆಯವರೆಗೂ ಕಾಯಿಸುವುದು ಬೇಡ. ಬೆಂಗಳೂರು, ಮೈಸೂರು, ಹಾಸನ, ತುಮಕೂರು ಕಡೆಯವರು ಥೂಜಾದಿಂದ ಶುರು ಮಾಡಿ. ನೆಟ್ಟಗೆ ಆಕಾಶಕ್ಕೆ ಏರುವ ಮರ ಬೇಕು, ಜಾಗವೂ ಇದೆ ಅನ್ನುವವರಿಗೆ ಅರಾಕೇರಿಯಾ, ಅದೂ ಹೊಸ ಬೀಜ ಸಿಕ್ಕರೆ ಮಾತ್ರ. ಕರಾವಳಿಯವರಿಗೂ ಅದೇ. ಸೈಪ್ರೆಸ್ ಒಣ ಹವೆಯ ಊರಿಗೆ, ತಾಳ್ಮೆ ಇರುವವರಿಗೆ. ಪೈನ್ ಚಿಕ್ಕಮಗಳೂರು, ಕೊಡಗಿನ ಎತ್ತರದ ಜಾಗದವರಿಗೆ. ಜುನಿಪರ್ ಮತ್ತು ಬಂಗಾರದ ಬಣ್ಣದ ಕುಳ್ಳ ಥೂಜಾ ಬೇಕಾದರೆ ನರ್ಸರಿಯಿಂದ ಸಸಿಯನ್ನೇ ತನ್ನಿ. ದೇವದಾರು, ಸ್ಪ್ರೂಸ್, ಫರ್ ಇವುಗಳ ಆಸೆ ಬಿಡಿ.

ಇನ್ನೊಂದು ಮಾತು. ಸರ್ವೆ ಮರ ಅಂದರೆ ಗಾಳಿಮರ ನೋಡಲು ಪೈನ್ ಹಾಗೇ ಇದೆ, ಕಾಯಿಯೂ ಹಾಗೇ ಕಾಣುತ್ತದೆ. ಆದರೆ ಅದು ಹೂ ಬಿಡುವ ಮರಗಳ ಗುಂಪಿನದು, ಕೋನಿಫರ್ ಅಲ್ಲ. ಸೈಕಸ್ಸೂ ಅಲ್ಲ. ಸಿಲ್ವರ್ ಓಕ್ ಅಂತೂ ಅಲ್ಲವೇ ಅಲ್ಲ. ಸರ್ವೆಯ ಬೀಜ ಮೊಳೆಸಿದ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಚಳಿಯ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಡಿಕೇರಿ 1,150 ಮೀಟರ್ ಹತ್ತಿರ. ಕೆಮ್ಮಣ್ಣುಗುಂಡಿ 1,400 ದಾಟುತ್ತದೆ. ಊಟಿ 2,200 ಮೀಟರ್‌ಗೂ ಮೇಲೆ. ಊಟಿಯಲ್ಲಿ ನೋಡಿ ಬಂದ ಮರ ಬೆಂಗಳೂರಿನಲ್ಲಿ ಬೆಳೆಯುತ್ತದೆ ಅಂದುಕೊಳ್ಳುವುದು ಎಲ್ಲರೂ ಮಾಡುವ ಲೆಕ್ಕ. ನಡುವೆ ಸಾವಿರದ ಮುನ್ನೂರು ಮೀಟರ್ ಇದೆ ಅನ್ನುವುದು ಮರೆತುಹೋಗುತ್ತದೆ.

ಚಳಿದೇಶದ ಎಷ್ಟೋ ಮರಗಳ ಬೀಜ ಶರತ್ಕಾಲದಲ್ಲಿ ನೆಲಕ್ಕೆ ಬಿದ್ದು, ಚಳಿಗಾಲವಿಡೀ ಒದ್ದೆ ಮಣ್ಣಲ್ಲಿ ತಣ್ಣಗೆ ಮಲಗಿ, ವಸಂತದಲ್ಲಿ ಏಳುತ್ತದೆ. ಚಳಿ ಮುಗಿಯಿತು ಅನ್ನುವ ಗುರುತು ಸಿಗದಿದ್ದರೆ ಅದು ಏಳುವುದೇ ಇಲ್ಲ. ಇದಕ್ಕೆ ಮನೆಯಲ್ಲೇ ಉಪಾಯ ಇದೆ. ಒದ್ದೆ ಮರಳಲ್ಲಿ ಬೀಜ ಕಲಸಿ, ಜಿಪ್ ಕವರಿಗೆ ಹಾಕಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ನಾಲ್ಕರಿಂದ ಎಂಟು ವಾರ ಇಡುವುದು. ಫ್ರೀಜರ್‌ನಲ್ಲಿ ಅಲ್ಲ, 3ರಿಂದ 5 ಡಿಗ್ರಿ ಇರುವ ಕೆಳಗಿನ ಭಾಗದಲ್ಲಿ. ಮರಳು ಹಿಂಡಿದರೆ ನೀರು ಇಳಿಯಬಾರದು, ಮುಟ್ಟಿದರೆ ತಣ್ಣಗಿರಬೇಕು, ಅಷ್ಟೆ.

ಹೀಗೆ ಬೀಜಕ್ಕೆ ಮೋಸ ಮಾಡಬಹುದು. ಮರಕ್ಕೆ ಮಾಡಲಾಗುವುದಿಲ್ಲ. ದೇವದಾರು ಸಸಿ ಹುಟ್ಟಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಹಿಮಾಲಯದ 1,500 ಮೀಟರ್ ಮೇಲಿನ ಗಿಡಕ್ಕೆ ನಮ್ಮ ಏಪ್ರಿಲ್ ದಾಟುವುದೇ ಕಷ್ಟ, ದಾಟಿದರೂ ಅದು ಫೋಟೊದ ಮರ ಆಗುವುದಿಲ್ಲ. ನೀಲಿ ಸ್ಪ್ರೂಸ್ ಅಮೆರಿಕದ ರಾಕಿ ಪರ್ವತಗಳದ್ದು. ಅದರ ಮೇಲೆ ದುಡ್ಡು ಹಾಕುವುದು ಸುಮ್ನೆ ದಂಡ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳ ಹತ್ತಿರ ಹೋಗಿ ಬರುವವರು ಪಾರ್ಕಿನಲ್ಲಿ ಬಿದ್ದ ಪೈನ್ ಕಾಯಿ ಆರಿಸಿ ಸೂಟ್‌ಕೇಸಿಗೆ ಹಾಕಿಕೊಳ್ಳುವುದುಂಟು. ಬಿತ್ತುವ ಬೀಜ ಹೊರದೇಶದಿಂದ ತರಲು ನಮ್ಮಲ್ಲಿ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪತ್ರವೂ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಇರುವುದು ಇದಕ್ಕೇ. ಬೀಜದ ಜೊತೆ ಬರುವ ಶಿಲೀಂಧ್ರ, ಹುಳ ಕಣ್ಣಿಗೆ ಕಾಣುವುದಿಲ್ಲವಲ್ಲ. ಅಷ್ಟು ಮಾಡಿ ತಂದರೂ ಅದು ಹೆಚ್ಚಾಗಿ ಚಳಿ ಬೇಡುವ ಜಾತಿಯೇ ಆಗಿರುತ್ತದೆ.

ಥೂಜಾ: ಮೊದಲ ಸಲಕ್ಕೆ ಇದೇ

ಬೀಸಣಿಗೆ ಹಾಗೆ ಚಪ್ಪಟೆಯಾಗಿ, ನೆಟ್ಟಗೆ ನಿಂತ ಸೊಪ್ಪು. ಹಳೆಯ ಬಂಗಲೆಗಳ ಗೇಟಿನ ಎರಡೂ ಕಡೆ, ಶಾಲೆಯ ಧ್ವಜಸ್ತಂಭದ ಪಕ್ಕ ನೋಡಿಯೇ ಇರುತ್ತೀರಿ. ಮೂಲ ಚೀನಾ, ಕೊರಿಯಾ ಕಡೆಯದು. ಆದರೆ ಬಯಲುಸೀಮೆಯ ಬಿಸಿಲಿಗೂ ಚೆನ್ನಾಗಿ ಒಗ್ಗಿಕೊಂಡಿದೆ.

ಕೊಳ್ಳುವಾಗ ಒಂದು ಎಚ್ಚರ. ನಾವು ಥೂಜಾ ಅನ್ನುವ ಗಿಡಕ್ಕೆ ಸಸ್ಯಶಾಸ್ತ್ರದವರು ಈಗ ಪ್ಲಾಟಿಕ್ಲೇಡಸ್ ಓರಿಯೆಂಟಾಲಿಸ್ ಅನ್ನುತ್ತಾರೆ. ಪೊಟ್ಟಣದ ಮೇಲೆ ಥೂಜಾ ಆಕ್ಸಿಡೆಂಟಾಲಿಸ್ ಅಂತಿದ್ದರೆ ಅದು ಉತ್ತರ ಅಮೆರಿಕದ್ದು, ಚಳಿ ಬೇಡುವಂಥದ್ದು. ಹೆಸರಿನ ಎರಡನೇ ಪದ ಓದಿಯೇ ದುಡ್ಡು ಕೊಡಿ.

ನಿಜ ಹೇಳಬೇಕೆಂದರೆ ಇದಕ್ಕೆ ಪೊಟ್ಟಣವೇ ಬೇಡ. ಗೊತ್ತಿದ್ದವರ ಮನೆಯ ಹಳೇ ಥೂಜಾ ಹತ್ತಿರ ಹೋಗಿ ನೋಡಿ. ಬಟಾಣಿಗಿಂತ ದೊಡ್ಡ, ಬೂದಿ ಬಳಿದ ಹಾಗಿರುವ ನೀಲಿ-ಹಸಿರು ಕಾಯಿಗಳು ಗೊಂಚಲಾಗಿರುತ್ತವೆ. ಕಾಯಿಯ ಪ್ರತಿ ಹೊಪ್ಪಳೆಯ (ಹೊರಪದರದ ಬಿಲ್ಲೆಯ) ತುದಿಗೆ ಒಂದು ಪುಟ್ಟ ಕೊಕ್ಕೆ. ಹಸಿರಿದ್ದಾಗ ಕೀಳಬೇಡಿ. ಕಂದು ಬಣ್ಣಕ್ಕೆ ತಿರುಗಿ, ಒಂದೆರಡು ಕಾಯಿ ಬಾಯಿ ಬಿಡಲು ಶುರು ಮಾಡಿದಾಗ ಉಳಿದವನ್ನು ಕಿತ್ತು ಪೇಪರಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಕೆಲವೇ ದಿನಗಳಲ್ಲಿ ಹೊಪ್ಪಳೆ ಹಿಂದಕ್ಕೆ ಬಾಗಿ, ಗೋಧಿ ಕಾಳಿನ ಗಾತ್ರದ ಕಂದು ಬೀಜ ಉದುರುತ್ತದೆ. ರೆಕ್ಕೆ ಇರುವುದಿಲ್ಲ, ಕೈಯಲ್ಲಿ ಹಿಡಿದರೆ ಗಟ್ಟಿಯಾಗಿರುತ್ತದೆ. ಸೈಪ್ರೆಸ್‌ನಂಥವುಗಳ ಹಗುರ ಬೀಜದ ಮುಂದೆ ಇದು ತೂಕದ ಬೀಜ. ಹಾಗಾಗಿ ನೀರಲ್ಲಿ ಹಾಕಿ ನೋಡುವ ಪರೀಕ್ಷೆ ಇದಕ್ಕೆ ಸಾಕಷ್ಟು ನಡೆಯುತ್ತದೆ. ಒಂದು ರಾತ್ರಿ ನೆನೆಸಿ, ಮುಳುಗಿದ್ದು ಬಿತ್ತಿ, ತೇಲಿದ್ದು ಎಸೆಯಿರಿ.

ಫ್ರಿಜ್ಜಿನ ಉಪಚಾರ ಬೇಕಿಲ್ಲ. ಬಿತ್ತಿದ ಎರಡರಿಂದ ನಾಲ್ಕು ವಾರದಲ್ಲಿ ಎರಡು ಉದ್ದನೆಯ ಬೀಜದೆಲೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಬರುವ ಎಲೆಗಳು ಮೃದುವಾದ ಸೂಜಿಯ ಹಾಗಿರುತ್ತವೆ. ಇದು ಥೂಜಾನೇ ಅಲ್ಲ, ಕಳೆ ಅಂತ ಕಿತ್ತುಬಿಡುವವರಿದ್ದಾರೆ. ಸ್ವಲ್ಪ ತಡೆಯಿರಿ. ಕೆಲವು ತಿಂಗಳಲ್ಲಿ ಪಕ್ಕದ ಕವಲುಗಳಲ್ಲಿ ಹೊಪ್ಪಳೆ ಎಲೆಯ ಚಪ್ಪಟೆ ಸೊಪ್ಪು ಕಾಣಿಸಿಕೊಳ್ಳುತ್ತದೆ. ಮೊದಲ ವರ್ಷ ಒಂದು ಗೇಣು ಬೆಳೆದರೆ ಚೆನ್ನಾಗಿದೆ ಅಂತಲೇ ಅರ್ಥ.

ಬೀಜದ ಥೂಜಾಕ್ಕೆ ಒಂದು ಕೊರತೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಕ್ಕಳು ತಾಯಿಯ ಹಾಗೇ ಬರುವುದಿಲ್ಲ. ಒಂದೇ ಗಿಡದ ಬೀಜದಲ್ಲಿ ಒಂದು ಕೋಲಿನಂತೆ ಏರುತ್ತದೆ, ಇನ್ನೊಂದು ಪೊದೆಯಾಗುತ್ತದೆ, ಹಸಿರಿನ ಛಾಯೆಯಲ್ಲೂ ವ್ಯತ್ಯಾಸ. ಬೇಲಿಗೆ ಹತ್ತಾರು ಗಿಡ ಒಂದೇ ಅಚ್ಚಿನಲ್ಲಿ ಬೇಕು ಅನ್ನುವವರಿಗೆ ಇದು ತಲೆನೋವು. ಕುಳ್ಳಗೆ, ಮೊಟ್ಟೆಯಾಕಾರದಲ್ಲಿ, ತುದಿ ಬಂಗಾರದ ಬಣ್ಣದಲ್ಲಿ ಬರುವ ಥೂಜಾ ಸಾಲುಗಳನ್ನು ನರ್ಸರಿಯಲ್ಲಿ ನೋಡಿರುತ್ತೀರಲ್ಲ, ಅವೆಲ್ಲ ಕಡ್ಡಿಯಿಂದ ಮಾಡಿದವು. ಅವುಗಳ ಬೀಜ ಬಿತ್ತಿದರೆ ಹುಟ್ಟುವುದು ಹೆಚ್ಚಾಗಿ ಸಾದಾ ಹಸಿರು, ಎತ್ತರದ ಗಿಡ. ನನಗೆ ಕೇಳಿದರೆ ಬೀಜದ ಥೂಜಾವನ್ನು ಒಂಟಿಯಾಗಿ ಬೆಳೆಸಿ, ಬೇಲಿಗೆ ಕಡ್ಡಿ ಸಸಿ ಹಾಕಿ ಅನ್ನುತ್ತೇನೆ.

ಅರಾಕೇರಿಯಾ: ಬೀಜಕ್ಕೆ ಬೆಲೆ ಇರುವುದು ಇಲ್ಲೇ

ಎಲ್ಲರೂ ಕ್ರಿಸ್‌ಮಸ್ ಗಿಡ ಅನ್ನುವುದು ಇದಕ್ಕೆ. ಅಂತಸ್ತು ಅಂತಸ್ತಾಗಿ ಸುತ್ತಲೂ ಕೊಂಬೆ, ನಡುವೆ ಕಂಬದಂಥ ಕಾಂಡ. ಲಾಲ್‌ಬಾಗಿನಲ್ಲಿ ತಲೆ ಎತ್ತಿ ನೋಡಬೇಕಾದ ಮರಗಳಿವೆ.

ಎರಡು ಜಾತಿ ನಮ್ಮಲ್ಲಿ ಬೆರೆತುಹೋಗಿವೆ. ಒಂದು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ್ದು. ಇನ್ನೊಂದು ಅದಕ್ಕೂ ಉತ್ತರದ ನ್ಯೂ ಕ್ಯಾಲಿಡೋನಿಯಾದ ಕುಕ್ ಪೈನ್. ಎರಡು ಕಡೆಗೂ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ ಹೋದದ್ದು 1774ರಲ್ಲಿ. ಚಿಕ್ಕ ಸಸಿಗಳಾಗಿದ್ದಾಗ ಗುರುತಿಸುವುದು ಕಷ್ಟ. ದೊಡ್ಡದಾದ ಮೇಲೆ ನಾರ್ಫೋಕ್ ಅಗಲವಾಗಿ, ಅಂತಸ್ತುಗಳ ನಡುವೆ ಬೆಳಕು ಕಾಣುವಷ್ಟು ಬಿಡಿಬಿಡಿಯಾಗಿರುತ್ತದೆ. ಕುಕ್ ಪೈನ್ ಕಿರಿದಾದ ಕಂಬದಂತೆ ಏರುತ್ತದೆ, ತೊಗಟೆ ತೆಳ್ಳಗೆ ಕಾಗದದ ಹಾಗೆ ಸುಲಿಯುತ್ತದೆ.

ಕುಕ್ ಪೈನ್‌ಗೆ ಒಂದು ವಿಚಿತ್ರ ಚಾಳಿ ಇದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಖಂಡಗಳ 256 ಮರಗಳನ್ನು ಅಳೆದು ನೋಡಿದ್ದರು. ಭೂಮಧ್ಯರೇಖೆಯ ಉತ್ತರಕ್ಕಿರುವ ಮರಗಳು ದಕ್ಷಿಣಕ್ಕೆ, ದಕ್ಷಿಣಕ್ಕಿರುವವು ಉತ್ತರಕ್ಕೆ ವಾಲಿದ್ದವು. ಸರಾಸರಿ ಓರೆ ಸುಮಾರು ಎಂಟೂವರೆ ಡಿಗ್ರಿ, ಅಂದರೆ ಪೀಸಾ ಗೋಪುರದ ಎರಡರಷ್ಟು. ರೇಖೆಯಿಂದ ದೂರ ಹೋದಷ್ಟೂ ಓರೆ ಜಾಸ್ತಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ, ಆದ್ದರಿಂದ ನಮ್ಮಲ್ಲಿ ಗಾಬರಿಯಾಗುವಷ್ಟು ವಾಲುವುದಿಲ್ಲ. ಆದರೂ ನಡುವಾಗ ದಕ್ಷಿಣಕ್ಕೆ ಪಕ್ಕದ ಮನೆಯವರ ಹೆಂಚಿನ ಮಾಡು ಇದ್ದರೆ ಇನ್ನೊಂದು ಮೂಲೆ ನೋಡಿ.

ಬೀಜ ಮುಖ್ಯ ಯಾಕೆ ಅಂದರೆ, ಅರಾಕೇರಿಯಾದ ಪಕ್ಕದ ಕೊಂಬೆ ಕತ್ತರಿಸಿ ನೆಟ್ಟರೆ ಬೇರು ಬರಬಹುದು, ಆದರೆ ಆ ಗಿಡ ಕೊಂಬೆಯಾಗಿಯೇ ಉಳಿಯುತ್ತದೆ. ಅಡ್ಡಡ್ಡ ಚಾಚಿಕೊಂಡು ಹೋಗುತ್ತದೆ, ಮೇಲೆ ಏರುವುದಿಲ್ಲ. ಕೋಲು ಕಟ್ಟಿ ನಿಲ್ಲಿಸಿದರೂ ಬುದ್ಧಿ ಬದಲಾಗುವುದಿಲ್ಲ. ನೆಟ್ಟಗಿನ ಮರ ಬೇಕಾದರೆ ನಡುಕಾಂಡದ ತುದಿಯನ್ನೇ ಕತ್ತರಿಸಿ ನೆಡಬೇಕು, ಅಂದರೆ ತಾಯಿಗಿಡದ ರೂಪ ಹಾಳು. ನರ್ಸರಿಯಲ್ಲಿ ಅಗ್ಗಕ್ಕೆ ಸಿಗುವ ಅರಾಕೇರಿಯಾ ಸಸಿ ಒಂದು ಕಡೆಗೆ ವಾಲಿದ್ದು, ಸುತ್ತಲೂ ಸಮ ಅಂತಸ್ತು ಇಲ್ಲದೆ ಎರಡೇ ಕಡೆ ಕವಲು ಚಾಚಿದ್ದರೆ, ಅದು ಕೊಂಬೆ ಕಡ್ಡಿಯ ಗಿಡ ಇರಬಹುದು. ಚೆನ್ನಾಗಿ ತಿರುಗಿಸಿ ನೋಡಿ ತನ್ನಿ. ಬೀಜದ ಗಿಡಕ್ಕೆ ಈ ತೊಂದರೆ ಇಲ್ಲ.

ತೊಂದರೆ ಇರುವುದು ಬೀಜದ ಆಯುಸ್ಸಿನಲ್ಲಿ. ಸಾಮಾನ್ಯ ತರಕಾರಿ ಬೀಜದ ಹಾಗೆ ಇದನ್ನು ಒಣಗಿಸಿ ವರ್ಷಗಟ್ಟಲೆ ಇಡಲಾಗದು. ಕೋಣೆಯ ಬಿಸಿಯಲ್ಲಿ ಕೆಲವು ವಾರಗಳಿಂದ ಎರಡು-ಮೂರು ತಿಂಗಳೊಳಗೆ ಮೊಳೆಯುವ ಶಕ್ತಿ ಕುಸಿಯುತ್ತದೆ. ಹಾಗಾಗಿ ಮಾರುವವರಿಗೆ ಕೇಳಬೇಕಾದ ಒಂದೇ ಪ್ರಶ್ನೆ, "ಯಾವ ತಿಂಗಳು ಕಿತ್ತಿದ್ದು?" ಉತ್ತರ ತಡವರಿಸಿದರೆ ಮುಂದೆ ಹೋಗಿ. ಸ್ಥಳೀಯ ಮರದ ಕೆಳಗೆ ಉದುರಿದ್ದು ಸಿಕ್ಕರೂ ನೇರ ಬಿತ್ತಬೇಡಿ. ಪರಾಗ ಸರಿಯಾಗಿ ಸಿಗದ ಮರದಲ್ಲಿ ಬರೀ ಜೊಳ್ಳು ಇರುತ್ತದೆ. ನಾಲ್ಕೈದು ಬೀಜವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಕೊಬ್ಬರಿ ಬಿಳುಪಿನ ತಿರುಳು ತುಂಬಿರಬೇಕು. ಟೊಳ್ಳಾಗಿದ್ದರೆ, ಕಂದು ಬಣ್ಣದ ಒಣ ತೊಗಟೆ ಮಾತ್ರ ಇದ್ದರೆ, ಅಥವಾ ಮೇಣದ ಹಾಗೆ ಅಂಟಿದ್ದರೆ ಆ ರಾಶಿಯ ಆಸೆ ಬಿಡಿ. ಈ ಸೀಳಿ ನೋಡುವ ಪರೀಕ್ಷೆ ಎಲ್ಲ ಕೋನಿಫರ್‌ಗೂ ಆಗುತ್ತದೆ, ನೀರಿನ ಪರೀಕ್ಷೆಗಿಂತ ನಂಬಿಕಸ್ತ.

ಬಿತ್ತುವಾಗ ರೆಕ್ಕೆ ಮುರಿಯುವ ಅಗತ್ಯವಿಲ್ಲ. ಚೂಪು ತುದಿಯನ್ನು ಕೆಳಕ್ಕೆ ಮಾಡಿ ಅರ್ಧ ಬೀಜ ಮಣ್ಣೊಳಗೆ, ಅರ್ಧ ಹೊರಗೆ ಇರುವಂತೆ ಓರೆಯಾಗಿ ಒತ್ತಿ. ಹೊಸ ಬೀಜವಾದರೆ ಎರಡು-ಮೂರು ವಾರದಲ್ಲಿ ಮೊಳಕೆ. ಸಾಮಾನ್ಯವಾಗಿ ನಾಲ್ಕು ಬೀಜದೆಲೆ ಪ್ಲಸ್ ಗುರುತಿನ ಹಾಗೆ ಹರಡಿಕೊಳ್ಳುತ್ತವೆ, ಅದರ ನಡುವಿಂದ ಮೆತ್ತನೆಯ ಹಸಿರು ಕುಚ್ಚು ಮೇಲೇಳುತ್ತದೆ. ಮೊದಲ ಸುತ್ತು ಕೊಂಬೆ ಬರುವವರೆಗೂ ಅದನ್ನು ನೋಡುವುದೇ ಒಂದು ಖುಷಿ.

ಕರಾವಳಿಯವರಿಗೆ ಇದನ್ನೇ ಹೇಳುವುದು ಉಪ್ಪುಗಾಳಿಯ ಕಾರಣಕ್ಕೆ. ಸಿಡ್ನಿಯ ಮ್ಯಾನ್ಲಿ ಕಡಲತೀರದ ಉದ್ದಕ್ಕೂ ಸಾಲಾಗಿ ನಿಂತಿರುವುದು ನಾರ್ಫೋಕ್ ಮರಗಳೇ. ಉಡುಪಿ, ಕುಂದಾಪುರದ ಮರಳುಮಣ್ಣಿನಲ್ಲಿ ನೀರು ಬೇಗ ಬಸಿಯುವುದೂ ಇದಕ್ಕೆ ಅನುಕೂಲ. ಅಲ್ಲಿ ಸೈಪ್ರೆಸ್, ಪೈನ್ ಅಂತ ಒದ್ದಾಡುವುದಕ್ಕಿಂತ ಇದು ವಾಸಿ.

ಆದರೆ 30x40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ನಾಲ್ಕು ಅಡಿ ಜಾಗಕ್ಕೆ ಅರಾಕೇರಿಯಾ ಬೇಡವೇ ಬೇಡ. ತನ್ನ ದ್ವೀಪದಲ್ಲಿ ನಾರ್ಫೋಕ್ 50 ಮೀಟರ್ ಮುಟ್ಟುತ್ತದೆ. ಇಲ್ಲಿ ಅದರ ಅರ್ಧ ಬೆಳೆದರೂ ಮೂರು ಮಹಡಿ ಮನೆಯ ಎರಡರಷ್ಟು ಎತ್ತರ. ಕರೆಂಟ್ ತಂತಿಗೆ ತಾಗುತ್ತದೆಂದು ತಲೆ ಕಡಿದರೆ ಇದ್ದ ಅಂದವೂ ಹೋಯಿತು. ಕುಂಡದಲ್ಲೇ ಇಟ್ಟುಕೊಂಡರೆ ಹಲವು ವರ್ಷ ಸೊಂಟದೆತ್ತರದಲ್ಲಿ ನಿಲ್ಲಿಸಬಹುದು. ಅಪಾರ್ಟ್‌ಮೆಂಟಿನವರಿಗೆ ಅದೇ ದಾರಿ.

ತೋಟ ಇರುವವರು ಇದೇ ಕುಟುಂಬದ ಬುನ್ಯಾ ಪೈನ್ ಬಗ್ಗೆಯೂ ಯೋಚಿಸಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನದು. ಕಾಯಿ ಹತ್ತು ಕಿಲೋ ತನಕ ತೂಗುತ್ತದೆ, ಒಳಗಿನ ಬೀಜ ತಿನ್ನಲು ಬರುತ್ತದೆ. ಬಿತ್ತಿದರೆ ಮೊದಲು ಮಣ್ಣೊಳಗೇ ಒಂದು ಗೆಡ್ಡೆ ಕಟ್ಟಿಕೊಂಡು ಕೂರುತ್ತದೆ. ಮೇಲೆ ಚಿಗುರು ಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಜಾಸ್ತಿ. ಸತ್ತಿದೆ ಅಂತ ಕುಂಡ ಕೊಡವಬೇಡಿ. ಕಾಯಿ ಬಿಡುವ ಕಾಲಕ್ಕೆ ಮರದ ಕೆಳಗೆ ಯಾರೂ ಕೂರದಂತೆ ಮಾತ್ರ ನೋಡಿಕೊಳ್ಳಬೇಕು. ಹತ್ತು ಕಿಲೋ ಅಂದೆನಲ್ಲ.

ಸೈಪ್ರೆಸ್: ಜೊಳ್ಳಿನ ನಡುವೆ ಕಾಳು

ಇಟಲಿಯ ಫೋಟೊಗಳಲ್ಲಿ ರಸ್ತೆಯ ಇಕ್ಕೆಲದಲ್ಲಿ ಪೆನ್ಸಿಲಿನಂತೆ ನಿಂತ ಮರ. ಮೆಡಿಟರೇನಿಯನ್ ಕಡೆಯದು, ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲ. ಅದಕ್ಕೇ ಕೋಲಾರ, ಚಿತ್ರದುರ್ಗದ ಒಣ ಹವೆಯನ್ನು ಸಹಿಸುತ್ತದೆ, ಶಿವಮೊಗ್ಗ ದಾಟಿ ಆಗುಂಬೆ ಕಡೆ ಹೋದರೆ ಬೇರು ಕೊಳೆಸಿಕೊಳ್ಳುತ್ತದೆ.

ಕಾಯಿ ಗೋಲಿಗಿಂತ ಸ್ವಲ್ಪ ದೊಡ್ಡದು, ಗುರಾಣಿಗಳನ್ನು ಜೋಡಿಸಿದ ಚೆಂಡಿನ ಹಾಗೆ. ಹಣ್ಣಾದ ಮೇಲೂ ವರ್ಷಗಟ್ಟಲೆ ಬಾಯಿ ಬಿಡದೆ ಮರದಲ್ಲೇ ಇರುತ್ತದೆ. ಇದು ಅನುಕೂಲವೇ, ವರ್ಷದ ಯಾವ ಕಾಲದಲ್ಲಾದರೂ ಕಿತ್ತು ತರಬಹುದು. ಬಿಸಿಲಲ್ಲಿ ಒಣಗಿಸಿದರೆ ಕೆಲವು ದಿನದಲ್ಲಿ ಬಿರಿದು, ಸಣ್ಣ ರೆಕ್ಕೆಯ ಚಪ್ಪಟೆ ಬೀಜ ರಾಶಿ ರಾಶಿ ಉದುರುತ್ತದೆ. ರಾಶಿ ನೋಡಿ ಹಿಗ್ಗಬೇಡಿ. ಅದರಲ್ಲಿ ಜೊಳ್ಳೇ ಜಾಸ್ತಿ. ಹತ್ತರಲ್ಲಿ ಎರಡೋ ಮೂರೋ ಮೊಳೆತರೂ ಅದು ಸಾಮಾನ್ಯವೇ. ಆದ್ದರಿಂದ ಒತ್ತಾಗಿ ಬಿತ್ತಬೇಕು. ಎರಡು-ಮೂರು ವಾರ ಫ್ರಿಜ್ಜಿನಲ್ಲಿಟ್ಟರೆ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಮೇಲೆ ಬರುತ್ತವೆ.

ಇಲ್ಲೂ ಮಕ್ಕಳು ಬೇರೆ ಬೇರೆ. ಪೆನ್ಸಿಲ್ ಮರದ ಬೀಜದಲ್ಲಿ ಕೆಲವು ಪೆನ್ಸಿಲ್, ಕೆಲವು ಕೊಂಬೆ ಹರಡಿದವು. ಎರಡು ವರ್ಷ ಬೆಳೆಸಿ ಆಮೇಲೆ ಆರಿಸಿಕೊಳ್ಳಬೇಕು. ಗೇಟಿನ ಎರಡು ಕಡೆ ಜೋಡಿ ಬೇಕು ಅನ್ನುವವರು ನರ್ಸರಿಗೇ ಹೋಗಿ. ಡಿಸೆಂಬರಿನಲ್ಲಿ ಪುಟ್ಟ ಕುಂಡಗಳಲ್ಲಿ ಬರುವ, ನಿಂಬೆ ವಾಸನೆಯ ಹಳದಿ ಸೈಪ್ರೆಸ್ ಬೇರೆಯೇ ಜಾತಿ. ಅದರ ಮೂಲ ಕ್ಯಾಲಿಫೋರ್ನಿಯಾದ ತಂಪು ಕಡಲತೀರ. ಮಾರ್ಚಿಗೆ ಒಣಗಿ ಹೋದರೆ ನಿಮ್ಮ ತಪ್ಪಲ್ಲ.

ಪೈನ್: ಮಣ್ಣಿನ ಜೊತೆಗಾರ ಬೇಕು

ಪೈನ್ ಬೀಜ ಮೊಳೆಸುವುದು ಸುಲಭ. ಹಿಮಾಲಯದ ತಪ್ಪಲಿನ ಚೀರ್ ಪೈನ್, ಮಧ್ಯ ಅಮೆರಿಕದ ಕೆರಿಬಿಯಾ ಪೈನ್ ಎರಡಕ್ಕೂ ಫ್ರಿಜ್ ಬೇಡ. ಒಂದು ದಿನ ನೆನೆಸಿ ಬಿತ್ತಿದರೆ ಎರಡು-ಮೂರು ವಾರಕ್ಕೆ ಏಳುತ್ತವೆ. ಏಳುವ ರೀತಿ ನೋಡಲು ಮಜಾ. ಬಾಗಿದ ಕಾಂಡ ನೆಟ್ಟಗಾಗುತ್ತದೆ, ತಲೆಯ ಮೇಲೆ ಬೀಜದ ಚಿಪ್ಪು ಟೊಪ್ಪಿಯ ಹಾಗೆ ಕೂತಿರುತ್ತದೆ, ಅದು ಬಿದ್ದಾಗ ಹಲವು ಬೀಜದೆಲೆ ಕೊಡೆಯಂತೆ ಬಿಚ್ಚುತ್ತವೆ. ಚಿಪ್ಪು ಅಂಟಿಕೊಂಡಿದ್ದರೆ ಕೈಯಿಂದ ಎಳೆಯಬೇಡಿ, ಬೀಜದೆಲೆಯೇ ಕಿತ್ತು ಬರುತ್ತದೆ. ಬೆಳಿಗ್ಗೆ ಸ್ವಲ್ಪ ನೀರು ಚಿಮುಕಿಸಿದರೆ ಮೆತ್ತಗಾಗಿ ತಾನೇ ಜಾರುತ್ತದೆ. ಆ ಟೊಪ್ಪಿಯನ್ನು ಕಾಳೆಂದು ಹಕ್ಕಿಗಳು ಎಗರಿಸುತ್ತವೆ, ಹಾಗಾಗಿ ಮೇಲೆ ಬಲೆ ಇರಲಿ. ಚೀರ್ ಸಸಿಯ ಮೊದಲ ಎಲೆಗಳು ಒಂಟಿ ಒಂಟಿಯಾಗಿ, ನೀಲಿ ಛಾಯೆಯಲ್ಲಿರುತ್ತವೆ. ಮೂರು ಮೂರು ಸೂಜಿಯ ಕಟ್ಟು ಬರುವುದು ಆಮೇಲೆ.

ಕಷ್ಟ ಶುರುವಾಗುವುದು ಮೊಳೆತ ನಂತರ. ಪೈನ್ ಬೇರಿಗೆ ಒಂದು ಬಗೆಯ ಶಿಲೀಂಧ್ರದ ಜೊತೆ ಬೇಕು. ಬೇರಿನ ತುದಿಗೆ ಹೊದಿಕೆಯಂತೆ ಸುತ್ತಿಕೊಂಡು, ಮಣ್ಣಿನ ರಂಜಕವನ್ನು ಗಿಡಕ್ಕೆ ಒದಗಿಸಿ, ಬದಲಿಗೆ ಗಿಡದ ಸಕ್ಕರೆ ಪಡೆಯುತ್ತದೆ. ಪೈನ್ ಇಲ್ಲದ ಊರಿನ ಮಣ್ಣಲ್ಲಿ ಇದು ಇರುವುದಿಲ್ಲ. ಹಿಂದೆ ಎಷ್ಟೋ ದೇಶಗಳಲ್ಲಿ ಪೈನ್ ತೋಪು ಎಬ್ಬಿಸಲು ಹೋದವರು ಸಸಿಗಳು ಹಳದಿಯಾಗಿ ನಿಂತಲ್ಲೇ ನಿಂತದ್ದನ್ನು ಕಂಡು, ಕೊನೆಗೆ ಹಳೇ ಪೈನ್ ಬುಡದ ಮಣ್ಣು ತಂದು ಬೆರೆಸಿದ ಮೇಲೆ ಗೆದ್ದರು. ನೀವೂ ಅದನ್ನೇ ಮಾಡಿ. ಆರೋಗ್ಯವಾಗಿರುವ ದೊಡ್ಡ ಪೈನ್ ಬುಡದ ತರಗು ಸರಿಸಿ, ಕೆಳಗಿನ ಬಿಳಿ ಎಳೆ ಇರುವ ಮಣ್ಣು ಒಂದು ಬೊಗಸೆ ತಂದು ಸಸಿ ಮಣ್ಣಿಗೆ ಸೇರಿಸಿ. ಆ ಮಣ್ಣನ್ನು ಬಿಸಿಲಲ್ಲಿ ಒಣಗಿಸಬಾರದು. ಹತ್ತಿರದಲ್ಲೆಲ್ಲೂ ಪೈನ್ ಇಲ್ಲದಿದ್ದರೆ, ಥೂಜಾಕ್ಕೇ ಹಿಂತಿರುಗಿ ಅನ್ನುವುದು ನನ್ನ ಸಲಹೆ. ಥೂಜಾ, ಸೈಪ್ರೆಸ್, ಅರಾಕೇರಿಯಾಗಳಿಗೆ ಬೇಕಾದ ಶಿಲೀಂಧ್ರ ಬೇರೆ ಬಗೆಯದು, ಸಾಮಾನ್ಯ ತೋಟದ ಮಣ್ಣಲ್ಲೇ ಇರುತ್ತದೆ.

ಬಯಲುಸೀಮೆಯಲ್ಲಿ ಪೈನ್ ಬೇಕೇ ಬೇಕು ಅಂದರೆ ಕೆರಿಬಿಯಾ ಪೈನ್, ಅದು ಬಿಸಿ ತಡೆಯುತ್ತದೆ. ಜೋತಾಡುವ ಸೂಜಿಯ ಪಟುಲಾ ಪೈನ್ ಮೆಕ್ಸಿಕೋದ ಬೆಟ್ಟಗಳದ್ದು, ಊಟಿ-ಕೊಡೈಕೆನಾಲ್ ಎತ್ತರಕ್ಕೆ ಸರಿ. ಆದರೆ ಅಲ್ಲಿ ಅದು ಶೋಲಾ ಹುಲ್ಲುಗಾವಲಿಗೆ ತಾನಾಗಿ ನುಗ್ಗಿ ತೊಂದರೆ ಮಾಡಿದೆ. ನಿಮ್ಮ ತೋಟ ಬೆಟ್ಟದ ಹುಲ್ಲುಗಾವಲಿಗೆ ತಾಗಿಕೊಂಡಿದ್ದರೆ ಪೈನ್ ಹಾಕಬೇಡಿ, ಬೀಜ ಗಾಳಿಯಲ್ಲಿ ಹಾರುತ್ತದೆ. ಇನ್ನೊಂದು ಅಪಾಯ ಬೆಂಕಿ. ಉದುರಿದ ಒಣ ಸೂಜಿಯಲ್ಲಿ ರಾಳ ಇರುತ್ತದೆ. ಉತ್ತರಾಖಂಡದ ಚೀರ್ ಕಾಡುಗಳು ಬೇಸಿಗೆಯಲ್ಲಿ ಹೊತ್ತಿಕೊಳ್ಳುವ ಸುದ್ದಿ ಓದಿಯೇ ಇರುತ್ತೀರಿ. ಹುಲ್ಲಿನ ಬಣವೆ, ಕೊಟ್ಟಿಗೆ ಹತ್ತಿರ ನೆಡಬಾರದು.

ಡ್ರೈಫ್ರೂಟ್ ಅಂಗಡಿಯ ಚಿಲ್ಗೋಜಾ ಬಿತ್ತಬಹುದಾ ಅಂತ ಕೇಳುವವರಿದ್ದಾರೆ. ಅದೂ ಪೈನ್ ಬೀಜವೇ, ಕಿನ್ನೌರ್ ಕಡೆಯದು. ಅಂಗಡಿಯದ್ದು ಸಾಮಾನ್ಯವಾಗಿ ಹುರಿದಿರುತ್ತದೆ. ತಿಂದುಬಿಡಿ.

ಉಳಿದವು, ಬೇಗ ಬೇಗ

ಜುನಿಪರ್ ಬೀಜ ಹಣ್ಣಿನಂಥ ಕಾಯಿಯೊಳಗಿರುತ್ತದೆ, ಚಿಪ್ಪು ಗಟ್ಟಿ. ಮೊದಲು ಕೆಲವು ತಿಂಗಳು ಬೆಚ್ಚಗೆ, ಆಮೇಲೆ ಕೆಲವು ತಿಂಗಳು ತಣ್ಣಗೆ ಇಡಬೇಕು, ಅಷ್ಟಾದ ಮೇಲೂ ಭರವಸೆ ಇಲ್ಲ. ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಬೀಜಕ್ಕೆ ಯಾಕೆ ಹೋಗಬೇಕು?

ಪೊಡೊಕಾರ್ಪಸ್ ಬೇಲಿಗೆ ಚೆನ್ನ, ನೆರಳನ್ನೂ ಸಹಿಸುತ್ತದೆ. ಇದರ ಹತ್ತಿರದ ನೆಂಟ ನಾಗೇಯಾ ವಾಲಿಚಿಯಾನಾ ದಕ್ಷಿಣ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ದಕ್ಷಿಣ ಭಾರತಕ್ಕೆ ತನ್ನದೇ ಅನ್ನಬಹುದಾದ ಕೋನಿಫರ್ ಅದೊಂದೇ. ಸೂಜಿ ಎಲೆ ಇಲ್ಲ, ಅಗಲವಾದ ಹೊಳೆಯುವ ಎಲೆ, ಪೈನ್ ಕಾಯಿಯೂ ಇಲ್ಲ, ಗೋಲಿಯಂಥ ಬೀಜ. ಕಾಡಿನಿಂದ ಆರಿಸಿ ತರುವುದು ಬೇಡ. ನಾಟಿ ಮರಗಳ ಸಸಿ ಬೆಳೆಸುವ ನರ್ಸರಿಯಲ್ಲಿ ಕೇಳಿ. ಬೀಜವೇ ಸಿಕ್ಕರೆ ಮೇಲಿನ ತಿರುಳು ತೊಳೆದು, ಒಣಗಲು ಬಿಡದೆ ಅವತ್ತೇ ಬಿತ್ತಿ.

ಬಿತ್ತುವ ಮಣ್ಣು, ಕಾಲ

ಜಾತಿ ಯಾವುದೇ ಇರಲಿ, ಎಳೆ ಸಸಿ ಸಾಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಷ್ಟು ತೆಳ್ಳಗಾಗಿ, ಸಂಜೆ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಬುಡ ಕೊಳೆಯುವ ಈ ರೋಗ ಬಂದ ಮೇಲೆ ಉಳಿಸುವುದು ಕಷ್ಟ, ಬರದಂತೆ ನೋಡಿಕೊಳ್ಳುವುದೇ ದಾರಿ. ಗೊಬ್ಬರ ಜಾಸ್ತಿ ಇರುವ ಮಣ್ಣಲ್ಲಿ ಬಿತ್ತಬೇಡಿ. ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಕೆಮ್ಮಣ್ಣು ಸಾಕು. ಹೊಳೆ ಮರಳು ಸುಲಭವಾಗಿ ಸಿಗುವುದಿಲ್ಲ, ಎಂ-ಸ್ಯಾಂಡ್ ತಂದರೆ ಅದರ ಹಿಟ್ಟಿನಂಥ ಪುಡಿ ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಕೊಕೊಪೀಟನ್ನೂ ಎರಡು ನೀರಲ್ಲಿ ತೊಳೆಯಬೇಕು, ಉಪ್ಪಿನಂಶ ಇರುತ್ತದೆ. ಮಿಶ್ರಣಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಸ್ವಲ್ಪ ಸೇರಿಸಿದರೆ ಒಳ್ಳೆಯದು. ಪೈನ್ ಬಿತ್ತುವವರು ಮಾತ್ರ ಶಿಲೀಂಧ್ರನಾಶಕ ಔಷಧಿ ಸುರಿಯುವ ಮುಂಚೆ ಯೋಚಿಸಿ, ಬೇಕಾದ ಶಿಲೀಂಧ್ರವೂ ಅದರಲ್ಲೇ ಸಾಯಬಹುದು.

ಮಳೆಗಾಲದಲ್ಲಿ ಬಿತ್ತುವುದು ನಮ್ಮ ಅಭ್ಯಾಸ. ಕೋನಿಫರ್‌ಗೆ ಅದು ಹೊಂದುವುದಿಲ್ಲ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಬಿತ್ತಿದರೆ ರಾತ್ರಿ ತಂಪು, ಹಗಲು ಹಿತವಾದ ಬಿಸಿಲು ಸಿಗುತ್ತದೆ, ಬೇಸಿಗೆ ಬರುವಷ್ಟರಲ್ಲಿ ಬೇರು ಸ್ವಲ್ಪ ಇಳಿದಿರುತ್ತದೆ. ಅರಾಕೇರಿಯಾಕ್ಕೆ ಈ ನಿಯಮ ಇಲ್ಲ. ಬೀಜ ಕೈಗೆ ಬಂದ ದಿನವೇ ಅದರ ಕಾಲ. ಮಳೆಗಾಲವಾದರೆ ಸೂರಿನ ಕೆಳಗಿಡಿ.

ನೀರು ಬೆಳಿಗ್ಗೆ ಹಾಕಿ, ಸಂಜೆ ಬೇಡ. ಮೊದಲ ಬೇಸಿಗೆಗೆ 50 ಶೇಕಡಾ ಹಸಿರು ಶೇಡ್ ನೆಟ್ ಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಥೂಜಾ ಒಳಗಿನಿಂದ ಕಂದಾಗುತ್ತಾ ಬಂದರೆ ಬಿಳಿ ಹಾಳೆ ಕೆಳಗೆ ಹಿಡಿದು ಕೊಂಬೆ ತಟ್ಟಿ. ಓಡಾಡುವ ಚುಕ್ಕೆಗಳು ಕಂಡರೆ ಅದು ನುಸಿ. ಪೈಪಿನಿಂದ ಜೋರಾಗಿ ನೀರು ಹೊಡೆದು ಸೊಪ್ಪು ತೊಳೆದರೆ ಎಷ್ಟೋ ಕಡಿಮೆಯಾಗುತ್ತದೆ. ಕತ್ತರಿ ಹಿಡಿದು ಒಣಗಿದ ಭಾಗದವರೆಗೂ ಕತ್ತರಿಸಬೇಡಿ. ದಾಸವಾಳ, ಡುರಾಂಟಾ ಬೇಲಿಗಿಡದ ಹಾಗೆ ಹಳೇ ಕಡ್ಡಿಯಿಂದ ಚಿಗುರುವ ಜಾತಿ ಅಲ್ಲ ಇವು, ಎಲೆ ಇಲ್ಲದ ಕಡ್ಡಿ ಬೋಳಾಗಿಯೇ ಉಳಿಯುತ್ತದೆ.

ನೆಲಕ್ಕೆ ಇಳಿಸುವುದು ಎರಡನೇ ವರ್ಷದ ಜೂನಿನಲ್ಲಿ, ಮಳೆ ಹಿಡಿದ ಮೇಲೆ. ಮಲೆನಾಡಿನವರು ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ. ಥೂಜಾ ಬೇಲಿಗೆ ಗಿಡದಿಂದ ಗಿಡಕ್ಕೆ ಮೂರು ಅಡಿ. ಅರಾಕೇರಿಯಾ, ಪೈನ್ ಮನೆಯಿಂದ ಕನಿಷ್ಠ 25 ಅಡಿ ದೂರ. ಪೈನ್ ಸಸಿಯ ತಾಯಿಬೇರು ಬೇಗ ಆಳಕ್ಕೆ ಹೋಗುತ್ತದೆ, ಹಾಗಾಗಿ ಶುರುವಿನಿಂದಲೇ ಉದ್ದನೆಯ ಪಾಲಿಥಿನ್ ಚೀಲ ಬಳಸಿ. ಚೀಲ ಬಿಚ್ಚಿದಾಗ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಆ ಸುತ್ತನ್ನು ಕತ್ತರಿಸಿಯೇ ನೆಡಿ. ಹಾಗೇ ನೆಟ್ಟರೆ ನಾಲ್ಕೈದು ವರ್ಷ ಚೆನ್ನಾಗಿದ್ದು, ಆಳೆತ್ತರ ದಾಟಿದ ಮೇಲೆ ಒಂದು ಗಾಳಿಗೆ ಬುಡಸಮೇತ ಬೀಳುತ್ತದೆ.